ನಿಲ್ಲಿಸುವ ಗಳಿಗೆ: ಮಕ್ಕಳು, ಮೊಬೈಲ್ ಮತ್ತು ಮನೆಯ ಜಗಳ



ಪಾಲಕರ ಸಭೆಗಳಲ್ಲಿ ನನ್ನ ಕಿವಿಗೆ ಮತ್ತೆ ಮತ್ತೆ ಬೀಳುವ ಪ್ರಶ್ನೆ ಒಂದೇ. ‘ಮಗುವಿಗೆ ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ಕೊಡಬಹುದು?’ ಅದಕ್ಕೆ ಉತ್ತರವಿದೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ದೂರದಲ್ಲಿರುವ ಅಜ್ಜ ಅಜ್ಜಿಯರ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೋ ಕರೆ ಮಾತ್ರ ಎಳೆಯರಿಗೂ ಇರಲಿ ಎನ್ನುತ್ತದೆ. ಐದರಿಂದ ಹತ್ತು ವರ್ಷದವರಿಗೆ ಅದರ ಲೆಕ್ಕ ಎರಡು ಗಂಟೆಯೊಳಗೆ.

ಅಂಕಿಗಳು ಸರಿಯಾಗಿಯೇ ಇವೆ. ಆದರೆ ಇವನ್ನು ಬಾಯಿಪಾಠ ಮಾಡಿಕೊಂಡ ಮನೆಯಲ್ಲೂ ಸಂಜೆ ಏಳೂವರೆಗೆ ಗಲಾಟೆ ತಪ್ಪುವುದಿಲ್ಲ. ಒಂದು ಗಂಟೆ ಮುಗಿಯಿತೆಂದು ಗಡಿಯಾರ ಹೇಳಬಹುದು, ಮಗುವಿನ ಕೈಯಿಂದ ಫೋನನ್ನು ಅದು ತೆಗೆದುಕೊಳ್ಳಲಾರದು. ತೆಗೆದುಕೊಳ್ಳಬೇಕಾದವರು ನಾವು. ಅಲ್ಲೇ ಅಳು, ಅಲ್ಲೇ ಕಿರುಚಾಟ, ಅಲ್ಲೇ ಗಂಡ ಹೆಂಡಿರ ಮಾತು ಬಿರುಸಾಗುವುದು. ಹಾಗಾಗಿ ಇಂದು ಎಷ್ಟು ಹೊತ್ತು ಎಂಬುದಕ್ಕಿಂತ, ನಿಲ್ಲಿಸುವ ಆ ಗಳಿಗೆಯ ಬಗ್ಗೆ ಹೆಚ್ಚು ಮಾತಾಡಬೇಕೆಂದುಕೊಂಡಿದ್ದೇನೆ. ಮಗು ಮೊಬೈಲ್ ನೋಡುವ ಮನೆಗಳೆಲ್ಲ ಜಗಳದ ಮನೆಗಳಾಗಿಲ್ಲ. ಎಲ್ಲಿ ಹಿರಿಯರೊಳಗೇ ಒಂದು ತೀರ್ಮಾನವಿಲ್ಲವೋ ಅಲ್ಲಿ ಈ ಜಗಳ ದಿನವೂ ಹುಟ್ಟುತ್ತದೆ. ಇದು ನನ್ನ ದೃಢವಾದ ಅಭಿಪ್ರಾಯ.

ಸ್ವಲ್ಪ ಹಿಂದಕ್ಕೆ ಹೋಗೋಣ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಇಸ್ರೊ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಬಂತು. ನಮ್ಮ ರಾಯಚೂರು, ಗುಲ್ಬರ್ಗ, ವಿಜಾಪುರ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಊರಿಗೆ ಒಂದು ಪೆಟ್ಟಿಗೆ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದಷ್ಟು ಹೊತ್ತು, ಸಂಜೆ ದೊಡ್ಡವರಿಗೆ ಒಂದಷ್ಟು ಹೊತ್ತು. ಕಾರ್ಯಕ್ರಮ ಮುಗಿದರೆ ಮುಗಿಯಿತು. ಜನ ಎದ್ದು ಮನೆಗೆ ಹೋಗುತ್ತಿದ್ದರು. ‘ಇನ್ನು ಸಾಕು, ಏಳು’ ಎಂದು ಯಾವ ತಾಯಿಯೂ ಯಾವ ಮಗುವಿಗೂ ಹೇಳಬೇಕಾಗಿರಲಿಲ್ಲ, ಪೆಟ್ಟಿಗೆಯೇ ಹೇಳುತ್ತಿತ್ತು. ಮುಂದೆ ಭಾನುವಾರ ಬೆಳಿಗ್ಗೆ ರಾಮಾಯಣ ಬಂದಾಗಲೂ ಅಷ್ಟೇ. ಓಣಿಯ ಅರ್ಧ ಮಕ್ಕಳು ಒಂದೇ ಮನೆಯ ಪಡಸಾಲೆಯಲ್ಲಿ ಕೂತರೂ, ಧಾರಾವಾಹಿ ಮುಗಿದ ಮೇಲೆ ಅಲ್ಲಿ ನೋಡುವುದಕ್ಕೆ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಇಂದಿನ ಫೋನಿನಲ್ಲಿ ಮುಗಿಯುವುದೆಂಬುದು ಇಲ್ಲ. ಒಂದು ವಿಡಿಯೋ ಮುಗಿಯುವ ಮೊದಲೇ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ರೀಲ್ಸ್‌ಗೆ ಕೊನೆಯ ಪುಟವಿಲ್ಲ. ಆಟದ ನಡುವೆ ಬಿಟ್ಟರೆ ಜೊತೆಗಾರರು ಸೋಲುತ್ತಾರೆ. ಇವೆಲ್ಲ ಆಕಸ್ಮಿಕವಾಗಿ ಹೀಗಾದವಲ್ಲ. ನೋಡುವವರು ಏಳದಂತೆ ನೋಡಿಕೊಳ್ಳುವುದಕ್ಕಾಗಿಯೇ ಸಂಬಳ ಪಡೆಯುವ ಜಾಣರು ದೊಡ್ಡ ದೊಡ್ಡ ಕಂಪನಿಗಳಲ್ಲಿ ಕೂತು ಹೆಣೆದವು. ಆರು ವರ್ಷದ ಮಗು ತಾನಾಗಿ ನಿಲ್ಲಿಸಲಿಲ್ಲವೆಂದು ‘ಹಟಮಾರಿ’ ಎನ್ನುವ ಮುನ್ನ, ರಾತ್ರಿ ಹನ್ನೊಂದಕ್ಕೆ ನಮ್ಮ ಹೆಬ್ಬೆರಳೂ ಅದೇ ಪರದೆಯ ಮೇಲೆ ಓಡುತ್ತಿರುತ್ತದೆ ಎಂಬುದನ್ನು ಎದುರಿಗಿಟ್ಟುಕೊಳ್ಳಬೇಕು. ಹಿಂದೆ ಪೆಟ್ಟಿಗೆ ಮಾಡುತ್ತಿದ್ದ ಕೆಲಸವನ್ನು ಈಗ ತಾಯಿ ತಂದೆ ಮಾಡಬೇಕಾಗಿದೆ, ಅದೂ ದಿನಕ್ಕೆ ಹಲವು ಬಾರಿ. ಈ ಭಾರ ಹೊಸದು. ಹಿಂದಿನ ತಲೆಮಾರಿನ ಯಾರಿಗೂ ಇದರ ಅನುಭವ ಇರಲಿಲ್ಲವಾದ್ದರಿಂದ ನಮಗೆ ಕಲಿಸಿಕೊಟ್ಟವರೂ ಇಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಬಹಳ ಮನೆಗಳಲ್ಲಿ ಫೋನನ್ನು ಮಕ್ಕಳ ಕೈಗೆ ಇಟ್ಟವರು ನಾವೇ, ಅದೂ ಓದಿನ ಹೆಸರಿನಲ್ಲಿ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದು ರಾಜ್ಯ ಸರ್ಕಾರ ಜೂನ್‌ನಲ್ಲಿ ತಡೆದರೆ, ಜುಲೈನಲ್ಲಿ ಹೈಕೋರ್ಟ್ ಆ ತಡೆಗೇ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹೋಮ್‌ವರ್ಕ್ ಬಂತು. ಸಾಲ ಮಾಡಿ, ಒಡವೆ ಅಡವಿಟ್ಟು ಸ್ಮಾರ್ಟ್‌ಫೋನ್ ಕೊಂಡ ಕೂಲಿಕಾರರ ಮನೆಗಳು ನಮ್ಮ ರಾಜ್ಯದಲ್ಲಿವೆ. ಶಾಲೆ ತೆರೆಯಿತು, ಫೋನ್ ಮಾತ್ರ ಮಗುವಿನ ಕೈಯಲ್ಲೇ ಉಳಿಯಿತು. ಆದ್ದರಿಂದಲೇ ‘ಹೋಮ್‌ವರ್ಕ್ ಅದರಲ್ಲೇ ಬಂದಿದೆ, ನೋಡ್ಬೇಕು’ ಎಂದು ಮಗ ಹೇಳಿದರೆ ಅದು ಬರೀ ನೆಪವಿರಬೇಕೆಂದಿಲ್ಲ. ಗ್ರಾಮೀಣ ಭಾರತದ ಮಕ್ಕಳ ಸ್ಥಿತಿಯನ್ನು ಅಳೆಯುವ ‘ಅಸರ್’ ವರದಿಯ 2024ರ ಆವೃತ್ತಿಯಲ್ಲಿ 14ರಿಂದ 16 ವರ್ಷದವರ ಲೆಕ್ಕವಿದೆ. ಶೇ 80ಕ್ಕೂ ಹೆಚ್ಚು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಕೆ ಗೊತ್ತು. ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಪಾಠವೂ ರೀಲ್ಸೂ ಒಂದೇ ಪರದೆಯಲ್ಲಿರುವಾಗ ಪಾಲಕರ ಅನುಮಾನವೂ ಸಹಜ, ಮಗುವಿನ ಸಿಟ್ಟೂ ಸಹಜ.

ಈಗ ಆ ಗಳಿಗೆಗೆ ಬರೋಣ. ಎಲ್ಲರ ಮನೆಯಲ್ಲೂ ನಡೆಯುವ ಒಂದು ಸಂಜೆ. ತಾಯಿ ಅಡುಗೆಮನೆಯಿಂದ ಕೂಗುತ್ತಾಳೆ: ‘ಸಾಕು, ಇಡು.’ ಉತ್ತರವಿಲ್ಲ. ಎರಡನೇ ಸಲ, ‘ಐದು ನಿಮಿಷ ಅಷ್ಟೇ.’ ಐದು ನಿಮಿಷ ಕಳೆದು ಹದಿನೈದಾಗುತ್ತದೆ, ಒಲೆಯ ಮುಂದಿನಿಂದ ಆಕೆ ಕದಲುವಂತಿಲ್ಲ. ಮೂರನೇ ಸಲ ದನಿ ಏರುತ್ತದೆ. ‘ಒಂದೇ ಒಂದು ವಿಡಿಯೋ ಅಮ್ಮಾ!’ ಆಕೆ ಬಂದು ಕಸಿದುಕೊಳ್ಳುತ್ತಾಳೆ. ಮಗು ನೆಲಕ್ಕೆ ಬಿದ್ದು ರಚ್ಚೆ ಹಿಡಿಯುತ್ತದೆ. ಒಳಗಿನಿಂದ ಅಜ್ಜಿಯ ದನಿ, ‘ಯಾಕೆ ಅಳಿಸ್ತೀಯ ಕೂಸನ್ನ, ಕೊಡು ಅತ್ಲಾಗೆ.’ ಹೊರಗಿನಿಂದ ದಣಿದು ಬಂದ ಅಪ್ಪ, ‘ಏನಿದು ಮನೆಗೆ ಬಂದ ತಕ್ಷಣ!’ ಎನ್ನುತ್ತಾನೆ. ಫೋನ್ ಮಗುವಿನ ಕೈಗೆ ಮರಳುತ್ತದೆ. ಮನೆ ಶಾಂತವಾಗುತ್ತದೆ.

ಈ ಶಾಂತಿಯೇ ನಮ್ಮನ್ನು ಕೆಡಿಸುವುದು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮನೆಗಳೊಳಗೇ ಕೂತು ಪಾಲಕರು ಮತ್ತು ಮಕ್ಕಳ ಜಗಳಗಳನ್ನು ಕ್ಷಣಕ್ಷಣವೂ ಗಮನಿಸಿ ದಾಖಲಿಸುವ ಕೆಲಸಕ್ಕೆ ದಾರಿ ಹಾಕಿದವರು. 1982ರಲ್ಲಿ ಅದನ್ನು ಪುಸ್ತಕವಾಗಿಸಿದರು, ಆಗಿನ್ನೂ ಇಂಥ ಫೋನುಗಳು ಇರಲಿಲ್ಲ. ಅವರು ಕಂಡದ್ದು ಇಷ್ಟು: ಮಗು ಚೀರಿದಾಗ ಹಿರಿಯರು ಮಣಿದರೆ ಆ ಕ್ಷಣಕ್ಕೆ ಇಬ್ಬರಿಗೂ ಬಿಡುಗಡೆ ಸಿಗುತ್ತದೆ. ಮಗುವಿಗೆ ಬೇಕಾದದ್ದು ಸಿಕ್ಕಿತು, ಹಿರಿಯರಿಗೆ ಚೀರಾಟ ನಿಂತಿತು. ಇಬ್ಬರೂ ಒಂದೊಂದು ಪಾಠ ಕಲಿತರು. ಮುಂದಿನ ಸಲ ಮಗು ಇನ್ನೂ ಮೇಲಿನ ದನಿಯಿಂದಲೇ ಶುರುಮಾಡುತ್ತದೆ, ಹಿರಿಯರು ಇನ್ನೂ ಬೇಗ ಮಣಿಯುತ್ತಾರೆ ಅಥವಾ ಇನ್ನೂ ಜೋರಾಗಿ ಹೊಡೆಯುತ್ತಾರೆ. ಹೊಡೆತದಿಂದ ಅಳು ನಿಂತರೆ, ಹೊಡೆದರೆ ಕೆಲಸವಾಗುತ್ತದೆಂಬ ಪಾಠ ಹಿರಿಯರಿಗಾಯಿತು. ಯಾರೂ ಕೆಟ್ಟವರಲ್ಲದ ಮನೆಯಲ್ಲಿ ಜಗಳ ದಿನದಿಂದ ದಿನಕ್ಕೆ ಹೀಗೆ ಬೆಳೆಯುತ್ತದೆ. ಒಂದು ದಿನ ಕೊಟ್ಟು ಒಂದು ದಿನ ಕಸಿಯುವ ಮನೆಯಲ್ಲಿ ಮಗುವಿನ ಹಟ ಇನ್ನೂ ಗಟ್ಟಿಯಾಗುತ್ತದೆ. ಇಂದಲ್ಲದಿದ್ದರೆ ನಾಳೆ ಫಲಿಸುತ್ತದೆಂದು ಅದಕ್ಕೆ ತಿಳಿದಿರುತ್ತದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಿಸ್ ಹಿನಿಕರ್ ಮತ್ತು ಜೊತೆಗಾರರು ಒಂದರಿಂದ ಐದು ವರ್ಷದ ಮಕ್ಕಳಿರುವ ಮನೆಗಳಲ್ಲಿ ಪರದೆ ಆರಿಸುವ ಕ್ಷಣವನ್ನೇ ಹಿಡಿದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಅದರಲ್ಲೊಂದು ಅಚ್ಚರಿಯಿದೆ. ‘ಇನ್ನೆರಡೇ ನಿಮಿಷ’ ಎಂದು ಮುಂಚೆ ಎಚ್ಚರಿಸಿದರೆ ಮಗು ಸಲೀಸಾಗಿ ಬಿಡುತ್ತದೆಂದು ನಾವೆಲ್ಲ ನಂಬಿದ್ದೇವೆ. ಆ ಮನೆಗಳಲ್ಲಿ ಹಾಗೆ ಎಚ್ಚರಿಸಿದಾಗಲೇ ಮಕ್ಕಳು ಹೆಚ್ಚು ಕೆರಳಿದ್ದರು. ಸಲೀಸಾಗಿ ಬಿಟ್ಟದ್ದು ಎರಡು ಸಂದರ್ಭಗಳಲ್ಲಿ. ನಿಲ್ಲಿಸುವುದು ದಿನದ ವಾಡಿಕೆಯ ಭಾಗವಾಗಿದ್ದಾಗ, ಮತ್ತು ಆ ಕಾರ್ಯಕ್ರಮವೇ ತಾನಾಗಿ ಮುಗಿದಾಗ. ಅಮ್ಮ ಆರಿಸಿದರೆ ಅಮ್ಮನೊಡನೆ ಹೋರಾಡಬಹುದು, ಮುಗಿದುಹೋದ ಕಥೆಯೊಡನೆ ಏನು ಹೋರಾಟ?

ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಇದರಿಂದಲೇ ಹೊಳೆಯುತ್ತದೆ. ಮುಂದಿನ ವಿಡಿಯೋ ತಾನಾಗಿ ಓಡುವ ‘ಆಟೋಪ್ಲೇ’ಯನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ. ಚಿಕ್ಕ ಮಕ್ಕಳಿಗೆ ಚೂರುಪಾರು ವಿಡಿಯೋಗಳ ಬದಲು ಮೊದಲು ಕೊನೆಯಿರುವ ಒಂದು ಕಥೆಯನ್ನು ಆರಿಸಿಕೊಡಿ, ಸಾಧ್ಯವಾದರೆ ದೊಡ್ಡ ಪರದೆಯಲ್ಲಿ, ನಾಲ್ಕು ಜನರ ನಡುವೆ. ನಿಮಿಷಗಳ ಲೆಕ್ಕಕ್ಕಿಂತ ‘ಈ ಕಥೆ ಮುಗಿದ ಮೇಲೆ ಊಟ’ ಎಂಬ ಮಾತು ಮಗುವಿಗೆ ಅರ್ಥವಾಗುತ್ತದೆ. ಆಟವಾಡುವ ದೊಡ್ಡ ಮಕ್ಕಳಿಗೂ ಅಷ್ಟೇ. ನಡು ಆಟದಲ್ಲಿ ಕಸಿಯಬೇಡಿ. ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕೆಂದು ಅವನನ್ನೇ ಕೇಳಿ, ಸುತ್ತುಗಳ ಲೆಕ್ಕದಲ್ಲಿ ಒಪ್ಪಂದ ಮಾಡಿಕೊಳ್ಳಿ. ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತನ್ನು ಯಾರೂ ದಿನವೂ ಚರ್ಚಿಸಿ ನಿರ್ಧರಿಸುವುದಿಲ್ಲವಲ್ಲ, ಫೋನ್ ಇಡುವ ಹೊತ್ತೂ ಹಾಗೇ ಆಗಬೇಕು. ವಾಡಿಕೆಯಾಗುವ ಮೊದಲು ಒಂದೆರಡು ವಾರ ಅಳು ಹೆಚ್ಚುವುದುಂಟು. ಆ ದಿನಗಳಲ್ಲಿ ಮಣಿದರೆ ಮೊದಲಿಗಿಂತ ಕಷ್ಟವಾಗುತ್ತದೆ. ಹಾಗಾಗಿ ಪರೀಕ್ಷೆಯ ವಾರ, ಮದುವೆಮನೆಯ ವಾರ ನೋಡಿಕೊಂಡು ಶುರುಮಾಡಬೇಡಿ.

ಆದರೆ ಅದಕ್ಕೂ ಮುಂಚಿನ ಕೆಲಸವೊಂದಿದೆ, ಅದು ಮಗುವಿನ ಕಣ್ಣಿಗೆ ಬೀಳದೆ ಆಗಬೇಕಾದ್ದು. ಹಿರಿಯರು ತಮ್ಮೊಳಗೆ ಒಂದು ಮಾತಿಗೆ ಬರುವುದು.

ಮೊಬೈಲಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಬೈಸಿಕೊಳ್ಳುವವಳು ತಾಯಿ. ಕೊಟ್ಟರೆ ‘ಅವಳೇ ಹಾಳು ಮಾಡಿದಳು’, ಕೊಡದಿದ್ದರೆ ‘ಮಗುವನ್ನು ಅಳಿಸುತ್ತಾಳೆ’. ನಿಯಮ ಹೇರುವವಳು ಆಕೆ, ಸಡಿಲಿಸಿ ಒಳ್ಳೆಯವರಾಗುವವರು ಉಳಿದವರು. ಇದು ಅನ್ಯಾಯ, ಇದನ್ನು ಇಲ್ಲಿ ಕೂತಿರುವ ತಂದೆಯರ ಮುಖ ನೋಡಿಯೇ ಹೇಳುತ್ತಿದ್ದೇನೆ. ಮಗುವಿನ ಎದುರಿಗೆ ಹೆಂಡತಿಯ ‘ಬೇಡ’ವನ್ನು ಗಂಡ ‘ಇರಲಿ ಬಿಡು’ ಎಂದು ಅಳಿಸಿದ ಕ್ಷಣ ಮನೆಯ ನಿಯಮ ಸತ್ತಿತು. ಭಿನ್ನಾಭಿಪ್ರಾಯ ಇರಲಿ, ಅದನ್ನು ಮಗು ಮಲಗಿದ ಮೇಲೆ ಮಾತಾಡಿ. ನಿಮಗೆ ಒಂದು ಗಂಟೆ ಸರಿ, ಆಕೆಗೆ ಅರ್ಧ ಗಂಟೆ ಸರಿ ಎಂದಾದರೆ ಮುಕ್ಕಾಲು ಗಂಟೆಗೆ ಒಪ್ಪಿ, ಇಬ್ಬರೂ ಅದನ್ನೇ ಹೇಳಿ. ಇಬ್ಬರೂ ಉಳಿಸಿಕೊಳ್ಳುವ ಸಾಧಾರಣ ನಿಯಮವೊಂದು, ಒಬ್ಬರು ಹೇಳಿ ಇನ್ನೊಬ್ಬರು ಮುರಿಯುವ ಆದರ್ಶ ನಿಯಮಕ್ಕಿಂತ ಎಷ್ಟೋ ಮೇಲು.

ಅಜ್ಜ ಅಜ್ಜಿಯರ ಮಾತು ಇನ್ನೂ ಸೂಕ್ಷ್ಮ. ಇಬ್ಬರೂ ದುಡಿಯಲು ಹೋಗುವ ಮನೆಯಲ್ಲಿ ಹಗಲಿಡೀ ಮಗುವನ್ನು ನೋಡಿಕೊಳ್ಳುವವರು ಅವರು. ಮಂಡಿ ನೋವಿನ ಅಜ್ಜಿ ಮೂರು ವರ್ಷದ ಮೊಮ್ಮಗನ ಹಿಂದೆ ಓಡಲಾರಳು. ಫೋನ್ ಮುಂದೆ ಇಟ್ಟರೆ ತುತ್ತು ಒಳಗೆ ಹೋಗುತ್ತದೆ. ಆಕೆಗೆ ಉಪದೇಶ ಮಾಡುವ ಬದಲು ಕೆಲಸ ಕಡಿಮೆ ಮಾಡಿಕೊಡಿ, ಅರ್ಧ ದಿನಕ್ಕಾದರೂ ಇನ್ನೊಂದು ಕೈ ಸಿಗುವಂತೆ ನೋಡಿ. ಜೊತೆಗೆ ಒಂದು ಸಂಗತಿಯನ್ನು ಆಕೆಗೆ ಗೌರವದಿಂದ ತಿಳಿಸಬೇಕು. ಮಿಷಿಗನ್ ವಿಶ್ವವಿದ್ಯಾಲಯದ ಮಕ್ಕಳ ವೈದ್ಯೆ ಜೆನ್ನಿ ರಾಡೆಸ್ಕಿ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2022ರ ಕೊನೆಗೆ ಬರೆದದ್ದು ಇದು: ಅಳು ನಿಲ್ಲಿಸಲೆಂದೇ ಪದೇ ಪದೇ ಪರದೆ ಕೊಟ್ಟ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಸಿಟ್ಟು ಮತ್ತು ಮನಸ್ಸಿನ ಏರುಪೇರು ಮುಂದೆ ಹೆಚ್ಚಾಗಿ ಕಂಡಿತು. ಬೇಗ ಕೆರಳುವ ಮಗುವಿಗೆ ಹಿರಿಯರು ಬೇಗ ಫೋನ್ ಕೊಡುವುದೂ ಇದರೊಳಗೆ ಸೇರಿರುತ್ತದೆ, ನಿಜ. ಆದರೂ ಅಳುವ ಮಗು ಸಮಾಧಾನವಾಗುವುದನ್ನು ಕಲಿಯಬೇಕಾದ್ದು ಹೆಗಲ ಮೇಲೆ. ಅಜ್ಜಿಯಂದಿರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ಅವರ ತೊಡೆ, ಅವರ ಜೋಗುಳ, ಅವರ ಕಾಗಕ್ಕ ಗುಬ್ಬಕ್ಕನ ಕಥೆಯ ಮೇಲೆ ಅವರಿಗೇ ಇದ್ದ ನಂಬಿಕೆ ಈಗ ಸಡಿಲಾಗಿದೆ ಅಷ್ಟೇ.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಆಡಬೇಕು. ಅದೇ ಅಸರ್ ವರದಿಯಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲ 14–16ರ ಹುಡುಗರಲ್ಲಿ ಶೇ 36 ಮಂದಿಗೆ ಸ್ವಂತ ಫೋನ್ ಇದ್ದರೆ ಹುಡುಗಿಯರಲ್ಲಿ ಅದು ಶೇ 27ರಷ್ಟು. ಅಣ್ಣನಿಗೆ ಸ್ವಂತದ್ದು, ತಂಗಿಗೆ ಅಪ್ಪನದ್ದು, ಅದೂ ಎಲ್ಲರ ಕಣ್ಣೆದುರು. ಮನೆಯ ಜಗಳ ಮಗನೊಂದಿಗಾದರೆ ಓದಿನ ಬಗ್ಗೆ, ಮಗಳೊಂದಿಗಾದರೆ ನಡತೆಯ ಬಗ್ಗೆ. ‘ಯಾರ ಜೊತೆ ಚಾಟ್ ಮಾಡ್ತಿದ್ದೆ?’ ಎಂಬ ಒಂದು ಪ್ರಶ್ನೆ ಆಕೆಯ ಕಾಲೇಜನ್ನೇ ಬಿಡಿಸಿದ ಮನೆಗಳಿವೆ. ಈ ಭಯದ ಫಲ ಏನೆಂದರೆ, ಯಾರೋ ಆಕೆಯ ಫೋಟೋ ತಿರುಚಿ ಬೆದರಿಸಿದಾಗ ಹೆದರಿದ ಹುಡುಗಿ ಮೊದಲು ಮುಚ್ಚಿಡುವುದು ತಾಯಿ ತಂದೆಯರಿಂದಲೇ. ಫೋನ್ ಹೋಗುತ್ತದೆ, ಓದು ಹೋಗುತ್ತದೆ, ಮದುವೆ ಗೊತ್ತಾಗುತ್ತದೆ ಎಂಬ ಹೆದರಿಕೆ ಬೆದರಿಸಿದವನ ಹೆದರಿಕೆಗಿಂತ ದೊಡ್ಡದು. ಹಾಗಾಗಿ ನಿಮ್ಮ ಮನೆಯ ನಿಯಮಗಳಲ್ಲಿ ಒಂದನ್ನು ನೀವೇ ಮಕ್ಕಳಿಗೆ ಬಾಯಿಬಿಟ್ಟು ಹೇಳಿ: ‘ಏನೇ ಆಗಲಿ ನನ್ನ ಹತ್ತಿರ ಬಂದು ಹೇಳು, ಹೇಳಿದ್ದಕ್ಕಾಗಿ ನಿನ್ನ ಫೋನ್ ಕಸಿಯುವುದಿಲ್ಲ.’ ಹೇಳಿದಂತೆ ನಡೆದುಕೊಳ್ಳಿ. ಸೈಬರ್ ಅಪರಾಧದ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098. ಎರಡನ್ನೂ ಮಕ್ಕಳೂ ನೀವೂ ಬರೆದಿಟ್ಟುಕೊಳ್ಳಿ.

ಹದಿಹರೆಯದವರೊಂದಿಗೆ ಒಪ್ಪಂದ ಮಾಡಿಕೊಳ್ಳುವಾಗ ಅವರಿಗೂ ಬಾಯಿ ಕೊಡಬೇಕು. ಹಿನಿಕರ್ ಅವರ ಇನ್ನೊಂದು ಅಧ್ಯಯನ 10ರಿಂದ 17 ವರ್ಷದ ಮಕ್ಕಳು ಮತ್ತು ಅವರ ಪಾಲಕರ 249 ಜೋಡಿಗಳನ್ನು ಕೇಳಿತು. ಪಾಲಕರಿಂದ ಏನು ಬಯಸುತ್ತೀರಿ ಎಂದರೆ ಮಕ್ಕಳು ಹೇಳಿದ್ದು: ನಾವು ಮಾತಾಡುವಾಗ ಫೋನ್ ಕೆಳಗಿಡಿ, ಗಾಡಿ ಓಡಿಸುವಾಗ ಮುಟ್ಟಬೇಡಿ, ನಮ್ಮನ್ನು ಕೇಳದೆ ನಮ್ಮ ಫೋಟೋ ಹಾಕಬೇಡಿ. ಮಗುವಿನ ಅಂಕಪಟ್ಟಿ, ಸ್ನಾನದ ವಿಡಿಯೋ, ಅಳುವ ವಿಡಿಯೋಗಳನ್ನು ಸ್ಟೇಟಸ್‌ಗೆ ಹಾಕುವ ನಾವು ಇದನ್ನು ಕೇಳಿಸಿಕೊಳ್ಳಲೇಬೇಕು. ರಾತ್ರಿ ಎಲ್ಲರ ಚಾರ್ಜರ್‌ಗಳೂ ಪಡಸಾಲೆಯಲ್ಲಿರಲಿ, ಎಲ್ಲರ ಎಂದರೆ ನಿಮ್ಮದೂ. ಒಪ್ಪಂದ ಮುರಿದರೆ ಏನೆಂಬುದನ್ನು ತಣ್ಣಗಿರುವಾಗಲೇ ಗೊತ್ತು ಮಾಡಿ, ಅದು ಚಿಕ್ಕದಿರಲಿ. ನಾಳೆ ಅರ್ಧ ಗಂಟೆ ಕಡಿತ ಎನ್ನುವುದನ್ನು ನಡೆಸಿಕೊಳ್ಳಬಹುದು, ಒಂದು ತಿಂಗಳು ಫೋನೇ ಇಲ್ಲ ಎನ್ನುವುದನ್ನು ಮೂರನೇ ದಿನ ನೀವೇ ಮುರಿಯುತ್ತೀರಿ.

ಫೋನ್ ಮಕ್ಕಳನ್ನು ಎಷ್ಟು ಕೆಡಿಸುತ್ತದೆಂಬ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಜೊನಾಥನ್ ಹೈಟ್ 2024ರ ತಮ್ಮ ಪುಸ್ತಕದಲ್ಲಿ ಒಂದಿಡೀ ತಲೆಮಾರಿನ ಆತಂಕಕ್ಕೆ ಅದನ್ನೇ ಹೊಣೆ ಮಾಡಿದರು. ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್ಸ್ಕಿ 2019ರಲ್ಲಿ ಮೂರೂವರೆ ಲಕ್ಷ ಹದಿಹರೆಯದವರ ಮಾಹಿತಿ ಜಾಲಾಡಿ, ಮಕ್ಕಳ ಕ್ಷೇಮದಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇ 0.4ರಷ್ಟನ್ನು ಮಾತ್ರ ಡಿಜಿಟಲ್ ಬಳಕೆಗೆ ಜೋಡಿಸಬಹುದೆಂದರು. ಆಸ್ಟ್ರೇಲಿಯಾ ತನ್ನ 16ರೊಳಗಿನ ಮಕ್ಕಳಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನೇ ನಿಷೇಧಿಸುವ ಕಾನೂನು ಮಾಡಿತು. ಈ ವಾದ ಮುಂದುವರಿಯಲಿ. ದಿನವೂ ಕಿರುಚಾಡಿ ಮಲಗುವ ಮನೆ ಮಗುವಿಗೆ ಒಳ್ಳೆಯದಲ್ಲ ಎಂಬುದರಲ್ಲಿ ಯಾವ ಪಕ್ಷಕ್ಕೂ ತಕರಾರಿಲ್ಲ.

ಎಲ್ಲ ಹಟವೂ ಕಾಯಿಲೆಯಲ್ಲ. ಆಟದ ಮೇಲೆ ಹಿಡಿತವೇ ತಪ್ಪಿ, ಊಟ, ನಿದ್ದೆ, ಓದು, ಗೆಳೆಯರೆಲ್ಲ ಅದರ ಹಿಂದೆ ಸರಿದು, ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗದ ಸ್ಥಿತಿ ಒಂದು ವರ್ಷದಷ್ಟು ಉಳಿದರೆ ಅದನ್ನು ‘ಗೇಮಿಂಗ್ ಡಿಸಾರ್ಡರ್’ ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಗುರುತಿಸುತ್ತದೆ. ಲಕ್ಷಣ ತೀವ್ರವಾಗಿದ್ದರೆ ಅಷ್ಟು ಕಾಯಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ದೂರದ ಊರಿನವರು 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ‘ಫೋನ್ ಕೊಡದಿದ್ದರೆ ಸಾಯುತ್ತೇನೆ’ ಎಂದು ಮಗು ಅಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ, ಹೆದರಿ ಫೋನನ್ನೂ ಕೊಡಬೇಡಿ. ಜೊತೆಯಲ್ಲೇ ಕೂತು ಅಂದೇ ಸಹಾಯ ಕೇಳಿ.

ಕೊನೆಯದಾಗಿ, ಇದನ್ನು ಪ್ರತಿ ಮನೆಯೂ ಒಂಟಿಯಾಗಿ ಹೊರಬೇಕಾಗಿಲ್ಲ. ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. 2022ರಲ್ಲಿ ಆ ಊರಿನವರು ಸಂಜೆ ಏಳಕ್ಕೆ ಸೈರನ್ ಮೊಳಗಿಸಿ ಒಂದೂವರೆ ಗಂಟೆ ಟಿವಿ, ಮೊಬೈಲ್ ಆರಿಸಿಡಲು ತೀರ್ಮಾನಿಸಿದರು. ಅಲ್ಲಿ ‘ಎಲ್ಲರ ಮನೆಯಲ್ಲೂ ಇದೆ, ನಮ್ಮ ಮನೆಯಲ್ಲಿ ಮಾತ್ರ ಇಲ್ಲ’ ಎಂದು ಯಾವ ಮಗುವೂ ಹೇಳುವಂತಿಲ್ಲ. ನಮ್ಮೂರುಗಳಲ್ಲಿ ಸೈರನ್ನೇ ಬೇಕೆಂದಿಲ್ಲ. ಒಂದು ತರಗತಿಯ ಪಾಲಕರು ಒಂದೇ ಹೊತ್ತಿಗೆ ಒಪ್ಪಿದರೂ ಸಾಕು. ಶಾಲೆಗಳಿಗೆ ನನ್ನ ಕೋರಿಕೆಯೊಂದಿದೆ: ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಹೋಮ್‌ವರ್ಕ್ ಕಳಿಸುವುದನ್ನು ನಿಲ್ಲಿಸಿ, ಮಕ್ಕಳ ಡೈರಿಯಲ್ಲೇ ಬರೆಯಿಸಿ. ಒಂದು ನೆಪವೂ ಒಂದು ಜಗಳವೂ ಅಷ್ಟಕ್ಕೇ ಕಡಿಮೆಯಾಗುತ್ತವೆ.

ಫೋನ್ ಇಟ್ಟ ಮೇಲೆ ಮಗು ಎಲ್ಲಿಗೆ ಹೋಗಬೇಕು? ಬೀದಿಯಲ್ಲಿ ವಾಹನಗಳು, ಬಯಲುಗಳೆಲ್ಲ ಸೈಟುಗಳು. 2020ರ ಮಕ್ಕಳ ದಿನಾಚರಣೆಯಂದು ನಮ್ಮ ರಾಜ್ಯ ‘ಓದುವ ಬೆಳಕು’ ಎಂದು ಶುರುಮಾಡಿ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾ ವಯಸ್ಸಿನ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಆ ಗ್ರಂಥಾಲಯ ನಿಮ್ಮ ಊರಿನಲ್ಲಿ ಸಂಜೆ ಐದರಿಂದ ಎಂಟರವರೆಗೆ ತೆರೆದಿರುತ್ತದೆಯೇ, ಅಲ್ಲಿ ಮಕ್ಕಳ ಪುಸ್ತಕಗಳ ಜೊತೆ ಒಂದು ಕೇರಂ ಬೋರ್ಡು, ಒಂದು ಚೆಸ್ ಹಾಸು ಇದೆಯೇ, ಹೆಣ್ಣುಮಕ್ಕಳು ಹೋಗಿ ಬರುವ ದಾರಿಯಲ್ಲಿ ದೀಪ ಉರಿಯುತ್ತದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಒಬ್ಬರೇ ಕೇಳಿದರೆ ಉತ್ತರ ಬರುವುದು ನಿಧಾನ. ಇಲ್ಲಿರುವ ಪಾಲಕರು ಒಟ್ಟಿಗೆ ಹೋಗಿ. ಕರೆದರೆ ನಾನೂ ಬರುತ್ತೇನೆ.